ನಿವೃತ್ತಿಯ ನಂತರ ನೀರಿನ ಮೇಲೆ: ಸೆಕೆಂಡ್ ಹ್ಯಾಂಡ್ ಪವರ್ ಕ್ಯಾಟಮರಾನ್ ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನನಗೂ ನಮ್ಮ ಯಜಮಾನರಿಗೂ ನಿವೃತ್ತಿಯಾಗಿ ಕೆಲವು ವರ್ಷಗಳಾದವು. ಮನೆ ಫ್ಲಾರಿಡಾದ ಪೂರ್ವ ಕರಾವಳಿಯಲ್ಲಿ. ಬೋಟ್ 34 ಅಡಿಯದು, ಎರಡು ಡೀಸೆಲ್ ಎಂಜಿನ್. ನಾವು ಕೊಂಡಾಗಲೇ ಅದಕ್ಕೆ ಹದಿನೈದು ವರ್ಷ ದಾಟಿತ್ತು. ಚಳಿಗಾಲದಲ್ಲಿ ಬಹಾಮಾಸ್‌ಗೆ ಹೋಗುತ್ತೇವೆ. ಬೇಸಿಗೆಯಲ್ಲಿ ಉತ್ತರಕ್ಕೆ, ಚೆಸಪೀಕ್ ಕೊಲ್ಲಿಯ ಕಡೆಗೆ. ಕನ್ನಡ ಕೂಟದಲ್ಲಿ ನಮ್ಮ ವಯಸ್ಸಿನವರು ಸಿಕ್ಕಿದಾಗಲೆಲ್ಲ ಬೋಟಿನ ಮಾತು ಬರುತ್ತದೆ. ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಗಂಡ ಹೆಂಡತಿ ಇಬ್ಬರೇ ಓಡಾಡಬೇಕು ಅಂದುಕೊಂಡಿರುವವರಿಗೆ ಇದು.

ಪವರ್ ಕ್ಯಾಟಮರಾನ್ ಅಂದರೆ ಏನು? ಹಾಯಿ ಇರುತ್ತದಾ?

ಇರುವುದಿಲ್ಲ. ಎರಡು ಸಪೂರವಾದ ಒಡಲು, ಅವುಗಳ ನಡುವೆ ಸೇತುವೆ ಹಾಕಿದ ಹಾಗೆ ಒಂದು ಹಜಾರ. ಆ ಸೇತುವೆಯನ್ನೇ ಬ್ರಿಜ್‌ಡೆಕ್ ಅನ್ನುತ್ತಾರೆ. ಪ್ರತಿ ಒಡಲಿನಲ್ಲೂ ಒಂದೊಂದು ಎಂಜಿನ್. ಹೆಸರು ನಮ್ಮ ಪಕ್ಕದ ತಮಿಳಿನಿಂದ ಬಂದದ್ದು, ಕಟ್ಟುಮರಂ. ಕಟ್ಟಿದ ಮರ ಅಂದರೆ ನಮಗೂ ಅರ್ಥವಾಗುತ್ತದೆ, ಅಲ್ವಾ? ಆದರೆ ಅಲ್ಲಿನ ಮೀನುಗಾರರ ಕಟ್ಟುಮರ ದಿಮ್ಮಿಗಳನ್ನು ಒತ್ತೊತ್ತಾಗಿ ಕಟ್ಟಿದ ತೆಪ್ಪ. ಎರಡು ಒಡಲಿನ ದೋಣಿಗಳನ್ನು ಹಿಂದಿನಿಂದಲೂ ಕಟ್ಟುತ್ತಿದ್ದವರು ಪೆಸಿಫಿಕ್ ದ್ವೀಪಗಳ ಜನ.

ವಯಸ್ಸಾದವರಿಗೆ ಇದೇ ಯಾಕೆ? ಒಂದೇ ಒಡಲಿನ ಟ್ರಾಲರ್ ಅಗ್ಗಕ್ಕೆ ಸಿಗುತ್ತದಲ್ಲ?

ಸಿಗುತ್ತದೆ. ಟ್ರಾಲರ್ ಅಂದರೆ ಇಲ್ಲಿ ನಿಧಾನಕ್ಕೆ ಓಡುವ ವಾಸದ ಬೋಟ್, ಮೀನುಗಾರರದಲ್ಲ. ಅಷ್ಟೇ ಉದ್ದದ್ದು ಬಹಳ ಕಡಿಮೆ ಬೆಲೆಗೂ ಸಿಗಬಹುದು. ಆಯ್ಕೆಯೂ ಜಾಸ್ತಿ. ಆದರೂ ನಾವು ಕ್ಯಾಟ್ (ಕ್ಯಾಟಮರಾನ್) ಆರಿಸಿಕೊಳ್ಳಲು ಮೂರು ಕಾರಣ.

ಮೊದಲನೆಯದು, ಇದು ತೊಟ್ಟಿಲಿನ ಹಾಗೆ ಅತ್ತಿತ್ತ ಹೊರಳುವುದಿಲ್ಲ. ಲಂಗರು ಹಾಕಿ ನಿಂತಾಗ ಪಕ್ಕದಲ್ಲಿ ದೊಡ್ಡ ಬೋಟ್ ಹಾದುಹೋದರೂ ಮೇಜಿನ ಮೇಲಿನ ಕಾಫಿ ಲೋಟ ಸಾಮಾನ್ಯವಾಗಿ ಹಾಗೇ ಇರುತ್ತದೆ. ನಮ್ಮ ವಯಸ್ಸಿನಲ್ಲಿ ಒಮ್ಮೆ ಬಿದ್ದರೆ ಸೊಂಟದ ಮೂಳೆಯ ವಿಚಾರ. ಹಾಗಾಗಿ ಇದನ್ನು ಬರೀ ಸುಖ ಅನ್ನಬೇಡಿ.

ಎರಡನೆಯದು, ಎರಡು ಎಂಜಿನ್‌ಗಳು ಒಂದರಿಂದ ಒಂದು ಬಹಳ ದೂರ ಇರುತ್ತವೆ. ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಹಾಕಿದರೆ ಬೋಟ್ ನಿಂತಲ್ಲೇ ತಿರುಗುತ್ತದೆ. ಬೋಟ್ ನಿಲ್ಲಿಸುವ ಮರೀನಾದ ಇಕ್ಕಟ್ಟಿನಲ್ಲಿ ಹಗ್ಗ ಹಿಡಿದು ಎಗರಾಡುವ ಗೋಳಿಲ್ಲ. ಒಂದು ಎಂಜಿನ್ ಕೆಟ್ಟರೂ ಇನ್ನೊಂದರಲ್ಲಿ ಮನೆ ಸೇರಬಹುದು.

ಮೂರನೆಯದು, ಇದಕ್ಕೆ ಹೆಚ್ಚು ಆಳದ ನೀರು ಬೇಡ. ಎರಡೂವರೆ ಮೂರು ಅಡಿ ನೀರಿದ್ದರೂ ತೇಲುವ ಕ್ಯಾಟ್‌ಗಳಿವೆ. ಬಹಾಮಾಸ್‌ನಲ್ಲಿ ಇದರಿಂದ ಎಷ್ಟೋ ಒಳ್ಳೊಳ್ಳೆಯ ಲಂಗರು ಜಾಗಗಳು ತೆರೆದುಕೊಳ್ಳುತ್ತವೆ.

ಕ್ಯಾಟ್‌ನ ತೊಂದರೆಗಳನ್ನೂ ಹೇಳಬೇಕು. ಅಡ್ಡ ಅಲೆ ಬಂದಾಗ ಅದರ ಕುಲುಕು ಚುರುಕಾಗಿ, ಗಡುಸಾಗಿ ಇರುತ್ತದೆ. ಟ್ರಾಲರ್ ನಿಧಾನಕ್ಕೆ ವಾಲಿ ಏಳುತ್ತದೆ. ಕ್ಯಾಟ್ ಜಗ್ಗಿ ಎಳೆದ ಹಾಗೆ ಆಡುತ್ತದೆ. ಕೆಲವರಿಗೆ ಇದು ಹಿಡಿಸುವುದೇ ಇಲ್ಲ. ದುಡ್ಡು ಕೊಡುವ ಮೊದಲು ಒಂದು ವಾರ ಬಾಡಿಗೆಗೆ ತೆಗೆದುಕೊಂಡು ಅಲೆಯಲ್ಲಿ ಓಡಿಸಿ ನೋಡಿ. ಆ ವಾರದ ಖರ್ಚು ವ್ಯರ್ಥವಾಗುವುದಿಲ್ಲ.

ಎಷ್ಟು ದೊಡ್ಡದು ಕೊಳ್ಳಬೇಕು?

ಮೊದಲು ಎಲ್ಲಿಗೆ ಹೋಗುತ್ತೀರಿ ಅಂತ ತೀರ್ಮಾನಿಸಿ. ಎಷ್ಟು ಎತ್ತರ, ಎಷ್ಟು ಅಗಲ ಅನ್ನುವುದನ್ನು ದಾರಿಯೇ ಹೇಳುತ್ತದೆ.

ಗ್ರೇಟ್ ಲೂಪ್ ಅನ್ನುವ ದೊಡ್ಡ ಸುತ್ತಿನ ಹೆಸರು ಕೇಳಿರಬಹುದು. ಪೂರ್ವ ಕರಾವಳಿ ಹಿಡಿದು ಉತ್ತರಕ್ಕೆ ಹೋಗಿ, ಹಡ್ಸನ್ ನದಿ, ಕಾಲುವೆಗಳು, ಮಹಾ ಸರೋವರಗಳನ್ನು ದಾಟಿ, ಶಿಕಾಗೊದಿಂದ ನದಿಗಳ ಮೂಲಕ ಕೆಳಗಿಳಿದು ಮೆಕ್ಸಿಕೊ ಕೊಲ್ಲಿ ಸೇರುವುದು. ಒಟ್ಟು ಸುಮಾರು 6,000 ಮೈಲಿ. ಶಿಕಾಗೊದ ಕೆಳಗೆ, ಇಲಿನಾಯ್‌ನ ಲೆಮಾಂಟ್ ಬಳಿ, ಕಾಲುವೆಗೆ ಅಡ್ಡಲಾಗಿ ಒಂದು ರೈಲು ಸೇತುವೆ ಇದೆ. ನೀರಿನಿಂದ ಅದರ ಎತ್ತರ ಸುಮಾರು 19 ಅಡಿ 6 ಅಂಗುಲ. ಅದು ಮೇಲಕ್ಕೆ ಏಳುವುದಿಲ್ಲ. ಬಳಸಿಕೊಂಡು ಹೋಗಲು ಬೇರೆ ದಾರಿಯೂ ಇಲ್ಲ. ಶಿಕಾಗೊ ಊರಿನ ನಡುವೆ ಹಾದು ಹೋಗಬೇಕೆಂದರೆ 17 ಅಡಿಯೊಳಗೆ ಇರಬೇಕು. ನ್ಯೂಯಾರ್ಕ್ ರಾಜ್ಯದ ಈರಿ ಕಾಲುವೆಯ ಪಶ್ಚಿಮ ಭಾಗಕ್ಕೆ 15 ಅಡಿ 6 ಅಂಗುಲ. ಹಾಗಾಗಿ ಫ್ಲೈಬ್ರಿಜ್ (ಹಜಾರದ ಮೇಲ್ಗಡೆ ಬೋಟ್ ಓಡಿಸುವ ಜಾಗ) ಮೇಲೆ ಗಟ್ಟಿ ಚಾವಣಿ, ಅದರ ಮೇಲೆ ರೇಡಾರ್ ಇರುವ ಬೋಟ್ ಎಷ್ಟೇ ಚಂದ ಕಂಡರೂ ಅಳತೆಪಟ್ಟಿ ತೆಗೆಯಿರಿ. ಕಂಪನಿಯ ಕಾಗದದಲ್ಲಿ ಬರೆದ ಎತ್ತರವನ್ನು ನಂಬಬೇಡಿ. ಹಿಂದಿನ ಮಾಲೀಕರು ಅದಕ್ಕೆ ಏನೇನು ಸೇರಿಸಿರುತ್ತಾರೋ!

ಕೆನಡಾದ ಟ್ರೆಂಟ್ ಸೆವರ್ನ್ ಜಲಮಾರ್ಗದಲ್ಲಿ ಎತ್ತರ 22 ಅಡಿಯವರೆಗೆ ನಡೆಯುತ್ತದೆ, ಆದರೆ ಅಗಲ ಸುಮಾರು 23 ಅಡಿಗೆ ಮುಗಿಯಿತು. ಅಲ್ಲಿ ಬಿಗ್ ಚೂಟ್ ಅನ್ನುವ ಜಾಗದಲ್ಲಿ ಬೋಟನ್ನು ಪಟ್ಟಿಗಳಲ್ಲಿ ಹಿಡಿದು, ಹಳಿಯ ಮೇಲಿನ ಗಾಡಿಯಲ್ಲಿಟ್ಟು ಗುಡ್ಡ ಇಳಿಸುತ್ತಾರೆ. 25 ಅಡಿ ಅಗಲದ ದೊಡ್ಡ ಕ್ಯಾಟ್ ಕೊಂಡವರಿಗೆ ಆ ದಾರಿ ಇಲ್ಲ.

ಬರೀ ಫ್ಲಾರಿಡಾ, ಬಹಾಮಾಸ್ ಸಾಕು ಅನ್ನುವವರಿಗೆ ಈ ಎತ್ತರದ ತಲೆನೋವು ಬಹುಮಟ್ಟಿಗೆ ಇಲ್ಲ. ಕರಾವಳಿಯ ಒಳದಾರಿಯಾದ ಇಂಟ್ರಾಕೋಸ್ಟಲ್ ವಾಟರ್‌ವೇನಲ್ಲಿ ಏಳದ ಸೇತುವೆಗಳು ಸಾಮಾನ್ಯವಾಗಿ 65 ಅಡಿ. ಮಯಾಮಿಯ ಜೂಲಿಯಾ ಟಟಲ್ ಸೇತುವೆ 56 ಅಡಿ. ಪವರ್ ಕ್ಯಾಟ್‌ಗೆ ಎರಡೂ ಸಲೀಸು.

ನನ್ನ ಅಭಿಪ್ರಾಯ ಕೇಳಿದರೆ, ಇಬ್ಬರಿಗೆ 34ರಿಂದ 40 ಅಡಿ ಸಾಕು. ಮೊಮ್ಮಕ್ಕಳು ಬಂದರೆ ಇರಲಿ ಅಂತ ಮೂರು ನಾಲ್ಕು ಕೋಣೆಯ ಬೋಟ್ ಕೊಳ್ಳುವವರನ್ನು ನೋಡಿದ್ದೇನೆ. ಮೊಮ್ಮಕ್ಕಳು ವರ್ಷಕ್ಕೆ ಒಂದು ವಾರ ಬರುತ್ತಾರೆ. ಉಳಿದ 51 ವಾರ ಆ ಕೋಣೆಗಳನ್ನು ಒರೆಸುವುದು, ಅಲ್ಲಿನ ಎಸಿ, ಟಾಯ್ಲೆಟ್ ಪಂಪ್ ನೋಡಿಕೊಳ್ಳುವುದು ನೀವೇ.

ಅಗಲ ಅಷ್ಟೊಂದು ಮುಖ್ಯವಾ?

ಹೌದು. ನಾವು ಕೊಳ್ಳುವ ಮೊದಲು ಇದನ್ನು ಸರಿಯಾಗಿ ಲೆಕ್ಕ ಹಾಕಿರಲಿಲ್ಲ. ಮಾಮೂಲಿ ಮರೀನಾಗಳ ಸ್ಲಿಪ್‌ಗಳು, ಅಂದರೆ ಒಂದೊಂದು ಬೋಟ್ ನಿಲ್ಲಿಸುವ ಜಾಗಗಳು, ಒಂದೇ ಒಡಲಿನ ಬೋಟಿಗೆ ಕಟ್ಟಿದವು. 17 ಅಡಿಯೊಳಗಿನ ಕ್ಯಾಟ್ ಅನೇಕ ಕಡೆ ಹಿಡಿಯುತ್ತದೆ. 22 ಅಡಿ ಅಗಲದ್ದಕ್ಕೆ ಡಾಕ್‌ನ (ಬೋಟ್ ಕಟ್ಟುವ ಕಟ್ಟೆಯ) ತುದಿಯ ಉದ್ದ ಜಾಗವೇ ಬೇಕು, ಇಲ್ಲವೇ ಒಂದೂವರೆ ಪಟ್ಟು ಬಾಡಿಗೆ. ಬೋಟ್ ಎತ್ತುವ ಲಿಫ್ಟ್ ಕೂಡ ಹಾಗೇ. ತಳಕ್ಕೆ ಬಣ್ಣ ಹೊಡೆಯಲು ನೀರಿನಿಂದ ಮೇಲೆ ತೆಗೆಯಬೇಕು. ಅಗಲದ ಲಿಫ್ಟ್ ಇರುವ, ಬೋಟ್ ರಿಪೇರಿ ಮಾಡುವ ಯಾರ್ಡ್‌ಗಳು ಎಲ್ಲ ಊರಲ್ಲೂ ಇಲ್ಲ. ಇಷ್ಟವಾದ ಬೋಟ್ ಸಿಕ್ಕಿದ ತಕ್ಷಣ ನಿಮ್ಮ ಹತ್ತಿರದ ಎರಡು ಮರೀನಾ, ಎರಡು ಯಾರ್ಡ್‌ಗೆ ಫೋನ್ ಮಾಡಿ ಅಗಲ ಹೇಳಿ ಕೇಳಿ.

ಹಳೆಯ ಬೋಟ್‌ಗಳಲ್ಲಿ ಯಾವ ಯಾವ ಮಾಡೆಲ್ ನೋಡಬಹುದು?

ಪಿಡಿಕ್ಯೂ 34 ಕೆನಡಾದ ಒಂಟಾರಿಯೊ ಪ್ರಾಂತ್ಯದ ವಿಟ್ಬಿಯಲ್ಲಿ ತಯಾರಾದದ್ದು. ಅಗಲ 16 ಅಡಿ 10 ಅಂಗುಲ, ನೀರೊಳಗಿನ ಆಳ 2 ಅಡಿ 4 ಅಂಗುಲ, ಯಾನ್ಮಾರ್‌ನ 75 ಅಥವಾ 100 ಅಶ್ವಶಕ್ತಿಯ ಎರಡು ಎಂಜಿನ್. ಈಗ ಅದನ್ನು ಯಾರೂ ಮಾಡುತ್ತಿಲ್ಲ. ಲೂಪ್ ಸುತ್ತುವವರಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ. ಅದಕ್ಕೇ ಬೆಲೆ ಅಷ್ಟು ಬೇಗ ಇಳಿಯುವುದಿಲ್ಲ.

ಎಂಡೆವರ್ ಟ್ರಾಲರ್‌ಕ್ಯಾಟ್ 36 ಫ್ಲಾರಿಡಾದ್ದೇ. ಅಗಲ ಸುಮಾರು 15 ಅಡಿ. ಸ್ಲಿಪ್ ಹುಡುಕುವುದು ಸುಲಭ, ಆದರೆ ಒಡಲುಗಳು ಹತ್ತಿರವಿದ್ದಷ್ಟೂ ನಡುವಿನ ಹಜಾರ ಕಿರಿದಾಗುತ್ತದೆ. ಫ್ರಾನ್ಸ್‌ನ ಫೌಂಟೇನ್ ಪಜೋದ ಮೇರಿಲ್ಯಾಂಡ್ 37 ಕೂಡ ಆಗಾಗ ಮಾರಾಟಕ್ಕೆ ಬರುತ್ತದೆ.

ಇದಕ್ಕಿಂತ ದೊಡ್ಡದು ಬೇಕು ಅಂದರೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ರಾಬರ್ಟ್‌ಸನ್ ಅಂಡ್ ಕೇನ್ ಕಟ್ಟುವ ಲೆಪರ್ಡ್ ಇದೆ. ಅದರ 43 ಅಡಿಯ ಪವರ್ ಮಾಡೆಲ್‌ನ ಅಗಲ 22 ಅಡಿಯ ಹತ್ತಿರ. ಚೀನಾದಲ್ಲಿ ತಯಾರಾಗುವ ಅಕ್ವಿಲಾ 44ರಲ್ಲಿ ಮೇಲಿನ ಫ್ಲೈಬ್ರಿಜ್‌ನಿಂದ ನೇರ ಮುಂದಿನ ಡೆಕ್‌ಗೆ ಇಳಿಯಲು ಮೆಟ್ಟಿಲಿದೆ. ಬೋಟಿನ ಅಂಚು ಹಿಡಿದುಕೊಂಡು ಸುತ್ತಿ ಹೋಗಬೇಕಿಲ್ಲ. ಮಂಡಿ ನೋವಿರುವ ನನಗೆ ಅದನ್ನು ನೋಡಿ ಆಸೆಯಾಯಿತು. ಅಷ್ಟು ದೊಡ್ಡ ಬೋಟ್ ಬೇಡ ಅಂತ ಸುಮ್ಮನಾದೆ.

ಬ್ರಿಜ್‌ಡೆಕ್ ಎತ್ತರ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ?

ನಡುವಿನ ಹಜಾರದ ತಳಕ್ಕೂ ನೀರಿಗೂ ಎಷ್ಟು ಅಂತರವಿದೆ ಅನ್ನುವುದು ಅದು. ಅಂತರ ಕಡಿಮೆ ಇದ್ದರೆ ಎದುರಲೆಗೆ ಹೋಗುವಾಗ ನೀರು ಕೆಳಗಿನಿಂದ ಧಡ್ ಧಡ್ ಅಂತ ಬಡಿಯುತ್ತದೆ. ಬೋಟ್ ಒಡೆದೇ ಹೋಯಿತು ಅನ್ನಿಸುವಷ್ಟು ಸದ್ದು. ಬೋಟ್ ಒಡೆಯುವುದಿಲ್ಲ, ಆದರೆ ಆರು ಗಂಟೆ ಆ ಸದ್ದು ಕೇಳಿದ ಮೇಲೆ ಇಬ್ಬರಲ್ಲಿ ಒಬ್ಬರು ಮತ್ತೆ ಸಮುದ್ರಕ್ಕೆ ಬರಲು ಒಪ್ಪುವುದಿಲ್ಲ.

ಇಲ್ಲಿ ಭಾರದ ವಿಷಯ ಬರುತ್ತದೆ. ಕ್ಯಾಟ್‌ನ ಸಪೂರ ಒಡಲಿಗೆ ಭಾರ ತುಂಬಿದರೆ ಅದು ಬೇಗ ನೀರಿನಲ್ಲಿ ಕೆಳಗೆ ತಗ್ಗುತ್ತದೆ. 100 ಗ್ಯಾಲನ್ ನೀರು ಅಂದರೆ ಸುಮಾರು 380 ಕಿಲೋ. 100 ಗ್ಯಾಲನ್ ಡೀಸೆಲ್ 320 ಕಿಲೋ. ಅದರ ಮೇಲೆ ಜನರೇಟರ್, ಬ್ಯಾಟರಿಗಳು, ಪುಟ್ಟ ದೋಣಿ, ಸೈಕಲ್, ಅಕ್ಕಿ ಬೇಳೆ ಡಬ್ಬಿಗಳು. ಎಲ್ಲ ಸೇರಿ ನಾಲ್ಕಾರು ಅಂಗುಲ ಕೆಳಗಿಳಿದರೆ ಬ್ರಿಜ್‌ಡೆಕ್ ಅಂತರವೂ ಅಷ್ಟೇ ಕಡಿಮೆಯಾಯಿತು. ಹಳೆಯ ಬೋಟ್ ನೋಡಲು ಹೋದಾಗ ಡಾಕ್ ಮೇಲೆ ನಿಂತು ತಳದ ಬಣ್ಣದ ಗೆರೆ ನೋಡಿ. ಗೆರೆ ನೀರೊಳಗೆ ಹೋಗಿದ್ದರೆ ಅಥವಾ ಯಾರೋ ಅದನ್ನು ಮೇಲಕ್ಕೆ ಎತ್ತಿ ಹೊಸದಾಗಿ ಬಳಿದಿದ್ದರೆ, ಆ ಬೋಟ್ ಮೈತುಂಬ ಸಾಮಾನು ಹೊತ್ತಿದೆ ಅಂತ ಅರ್ಥ.

ಒಳಗಡೆ ಏನು ನೋಡಬೇಕು? ಫೋಟೋದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ನಾನು ಅತಿ ಹೆಚ್ಚು ಒತ್ತಿ ಹೇಳುವುದು ಇದನ್ನೇ. ಈಗಿನ ನಿಮ್ಮ ಮೈಗೆ ಬೋಟ್ ಆರಿಸಬೇಡಿ. ಹತ್ತು ವರ್ಷದ ನಂತರದ ಮೈಗೆ ಆರಿಸಿ. ಇಬ್ಬರಲ್ಲಿ ಯಾರಿಗೆ ಮೈಯಲ್ಲಿ ಶಕ್ತಿ ಕಡಿಮೆಯೋ ಅವರಿಗೆ ಒಗ್ಗುವುದನ್ನೇ ಆರಿಸಿ.

ಹಾಸಿಗೆಯಿಂದ ಶುರು ಮಾಡಿ. ಅನೇಕ ಕ್ಯಾಟ್‌ಗಳಲ್ಲಿ ಹಾಸಿಗೆ ಒಂದು ಗೂಡಿನಲ್ಲಿ ಇರುತ್ತದೆ, ಮೂರು ಕಡೆ ಗೋಡೆ. ಒಳಗಡೆ ಮಲಗಿದವರು ರಾತ್ರಿ ಎದ್ದು ಹೊರಗೆ ಬರಬೇಕೆಂದರೆ ಇನ್ನೊಬ್ಬರನ್ನು ದಾಟಬೇಕು. ಅರವತ್ತೈದರ ಮೇಲೆ ರಾತ್ರಿ ಎರಡು ಸಲವಾದರೂ ಏಳುತ್ತೇವೆ. ಸಂಕೋಚ ಬಿಟ್ಟು ಬ್ರೋಕರ್ ಎದುರೇ ಇಬ್ಬರೂ ಮಲಗಿ ಎದ್ದು ನೋಡಿ. ಹಾಸಿಗೆಯ ಹೊದಿಕೆ ಬದಲಿಸುವುದು ಹೇಗೆ ಅಂತಲೂ ನೋಡಿ.

ಆಮೇಲೆ ಮೆಟ್ಟಿಲು. ಹಜಾರದಿಂದ ಒಡಲಿಗೆ ಇಳಿಯುವ ಮೆಟ್ಟಿಲುಗಳು ಕಡಿದಾಗಿ, ಕಿರಿದಾಗಿ ಇರುತ್ತವೆ. ಕೈ ಹಿಡಿಯಲು ಕಂಬಿ ಇದೆಯಾ? ಫ್ಲೈಬ್ರಿಜ್‌ಗೆ ಹತ್ತಲು ಮೆಟ್ಟಿಲಾ, ನೆಟ್ಟಗಿನ ಏಣಿಯಾ? ಏಣಿಯಾದರೆ ಒಂದು ಕೈಯಲ್ಲಿ ಊಟದ ತಟ್ಟೆ ಹಿಡಿದು ಇಳಿದು ನೋಡಿ. ಒಳಗಡೆಯೂ ಸ್ಟಿಯರಿಂಗ್ ಇದ್ದರೆ ಬಹಳ ಒಳ್ಳೆಯದು. ಮಳೆ ಚಳಿಯಲ್ಲಿ ಮೇಲೆ ಹತ್ತಬೇಕಿಲ್ಲ.

ಎಂಜಿನ್ ಕೋಣೆಗೂ ಇದೇ ಮಾತು. ಎಷ್ಟೋ ಕ್ಯಾಟ್‌ಗಳಲ್ಲಿ ಎಂಜಿನ್ ಹಾಸಿಗೆಯ ಕೆಳಗೆ ಅಥವಾ ಹಿಂದಿನ ಡೆಕ್‌ನ ಮುಚ್ಚಳದ ಕೆಳಗೆ ಇರುತ್ತದೆ. ಆಯಿಲ್ ಫಿಲ್ಟರ್‌ಗೆ ಕೈ ಎಟಕುತ್ತದಾ? ನೀರಿನ ಪಂಪ್‌ನ ಇಂಪೆಲ್ಲರ್ (ಒಳಗಿನ ರಬ್ಬರ್ ಚಕ್ರ) ಬದಲಿಸಲು ತಲೆಕೆಳಗಾಗಿ ನೇತಾಡಬೇಕಾ? ಕೈ ಎಟಕದ ಕಡೆ ಕೆಲಸ ಮುಂದಕ್ಕೆ ಹೋಗುತ್ತದೆ. ಹಿಂದಿನ ಮಾಲೀಕರೂ ಹಾಗೇ ಮುಂದಕ್ಕೆ ಹಾಕಿರುತ್ತಾರೆ.

ನೀರಿಗೆ ಬಿದ್ದರೆ ಮೇಲೆ ಬರುವ ಏಣಿಯನ್ನೂ ಇಳಿಸಿ ಹತ್ತಿ ನೋಡಿ. ಕೊನೆಯ ಮೆಟ್ಟಿಲು ನೀರೊಳಗೆ ಚೆನ್ನಾಗಿ ಇಳಿದಿರಬೇಕು, ಇಲ್ಲದಿದ್ದರೆ ತೋಳಿನ ಬಲದಲ್ಲೇ ಮೈ ಎತ್ತಬೇಕಾಗುತ್ತದೆ.

ಎಂಜಿನ್ ಎಷ್ಟು ಗಂಟೆ ಓಡಿದ್ದರೆ ಪರವಾಗಿಲ್ಲ?

ಗಂಟೆಗಿಂತ ಅದನ್ನು ಹೇಗೆ ನೋಡಿಕೊಂಡರು ಅನ್ನುವುದು ಮುಖ್ಯ. ಡೀಸೆಲ್ ಎಂಜಿನ್ ಸರಿಯಾಗಿ ನೋಡಿಕೊಂಡರೆ 2,000, 3,000 ಗಂಟೆ ದೊಡ್ಡದಲ್ಲ. ಇಪ್ಪತ್ತು ವರ್ಷದಲ್ಲಿ 300 ಗಂಟೆ ಓಡಿದ ಎಂಜಿನ್ ನೋಡಿದರೆ ನನಗೆ ಭಯ. ನಿಂತ ಎಂಜಿನ್‌ನಲ್ಲಿ ಉಪ್ಪುನೀರು ತಣ್ಣಗೆ ತನ್ನ ಕೆಲಸ ಮಾಡಿರುತ್ತದೆ. ಎಂಜಿನ್ ತಣಿಸುವ ಹೀಟ್ ಎಕ್ಸ್‌ಚೇಂಜರ್ ಕಟ್ಟಿಕೊಂಡಿರುತ್ತದೆ. ಹೊಗೆ ಮತ್ತು ನೀರು ಸೇರುವ ಎಕ್ಸಾಸ್ಟ್ ಎಲ್ಬೋ ಒಳಗಿನಿಂದ ತುಕ್ಕು ಹಿಡಿದಿರುತ್ತದೆ. ಆ ಎಲ್ಬೋ ತೂತಾದರೆ ನೀರು ಸಿಲಿಂಡರ್‌ಗೇ ಹೋಗಬಹುದು.

ನೋಡಲು ಹೋದಾಗ ಮೊದಲು ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವ ರೀತಿಯಲ್ಲೇ ಅರ್ಧ ಕಥೆ ಗೊತ್ತಾಗುತ್ತದೆ. ಹೊಗೆ ಎಷ್ಟು ಹೊತ್ತು, ಯಾವ ಬಣ್ಣ? ಆಮೇಲೆ ಸಮುದ್ರದಲ್ಲಿ ಥ್ರಾಟಲ್ ಪೂರ್ತಿ ಕೊಟ್ಟು ಕೆಲವು ನಿಮಿಷ ಓಡಿಸಬೇಕು. ಕಂಪನಿ ಹೇಳಿದ ಆರ್‌ಪಿಎಂ ಮುಟ್ಟಬೇಕು, ಬಿಸಿ ಏರಬಾರದು. ಮುಟ್ಟದಿದ್ದರೆ ತಳದಲ್ಲಿ ಪಾಚಿ, ತಪ್ಪು ಅಳತೆಯ ಪ್ರೊಪೆಲರ್, ಸುಸ್ತಾದ ಟರ್ಬೊ, ಹೀಗೆ ಏನೋ ಒಂದಿದೆ. ಎರಡೂ ಎಂಜಿನ್‌ಗಳ ಆಯಿಲ್ ತೆಗೆದು ಲ್ಯಾಬ್‌ಗೆ ಕಳಿಸಿ. ಖರ್ಚು ತೀರಾ ಕಡಿಮೆ.

ಚಾರ್ಟರ್‌ನಿಂದ, ಅಂದರೆ ಬಾಡಿಗೆಗೆ ಓಡಿಸಿ ಬಂದ ಬೋಟ್ ಕೊಳ್ಳಬಹುದಾ?

ಕೊಳ್ಳಬಹುದು. ಅದು ಬಾಡಿಗೆ ಕಾರಿನ ಹಾಗೆ. ಓಡಿದ್ದು ಜಾಸ್ತಿ, ಸರ್ವಿಸ್ ಲೆಕ್ಕ ಇರುತ್ತದೆ, ಪೀಠೋಪಕರಣ ಸವೆದಿರುತ್ತದೆ. ಕೋಣೆಗಳೂ ಟಾಯ್ಲೆಟ್‌ಗಳೂ ನಿಮಗೆ ಬೇಕಾದ್ದಕ್ಕಿಂತ ಜಾಸ್ತಿ. ಬೆಲೆಯಲ್ಲಿ ಅದಕ್ಕೆ ತಕ್ಕ ಇಳಿಕೆ ಇದ್ದರೆ ಮಾತ್ರ ಯೋಚಿಸಿ.

ಸರ್ವೆ ಮಾಡಿಸಲೇಬೇಕಾ? ನಮ್ಮ ಯಜಮಾನರು ಮೆಕ್ಯಾನಿಕಲ್ ಎಂಜಿನಿಯರ್.

ಸರ್ವೆ ಅಂದರೆ ಕೊಳ್ಳುವ ಮೊದಲು ತಜ್ಞರಿಂದ ಬೋಟಿನ ತಪಾಸಣೆ. ನಮ್ಮವರೂ ಎಂಜಿನಿಯರೇ. ಆದರೂ ಮಾಡಿಸಿ. ನಮಗೆ ಆದದ್ದನ್ನು ಹೇಳುತ್ತೇನೆ.

ಈಗಿನ ಬೋಟಿಗೆ ಮೊದಲು ಇನ್ನೊಂದನ್ನು ಮೆಚ್ಚಿಕೊಂಡಿದ್ದೆವು. ಹೊಳೆಯುವ ಪಾಲಿಶ್, ಹೊಸ ಸೋಫಾ, ಹೊಸ ಟಿವಿ. ನಾಳೆ ಇನ್ನೊಬ್ಬರು ನೋಡಲು ಬರುತ್ತಿದ್ದಾರೆ ಅಂತ ಬ್ರೋಕರ್ ಹೇಳಿದರು. ಅವತ್ತೇ ಬೆಲೆ ಒಪ್ಪಿ ಹತ್ತು ಪರ್ಸೆಂಟ್ ಮುಂಗಡ ಕೊಟ್ಟೆವು. ಪುಣ್ಯಕ್ಕೆ ಒಪ್ಪಂದದಲ್ಲಿ ಸರ್ವೆ ಮತ್ತು ಸಮುದ್ರ ಪರೀಕ್ಷೆ ಒಪ್ಪಿಗೆಯಾದರೆ ಮಾತ್ರ ಅನ್ನುವ ಸಾಲು ಇತ್ತು. ಸರ್ವೇಯರ್ ಸಣ್ಣ ಸುತ್ತಿಗೆ ಹಿಡಿದು ಮುಂದಿನ ಡೆಕ್ ಮೇಲೆ ತಟ್ಟುತ್ತಾ ಹೋದರು. ಟಕ್ ಟಕ್ ಅನ್ನುತ್ತಿದ್ದ ಸದ್ದು ಲಂಗರಿನ ಯಂತ್ರದ ಹತ್ತಿರ ಬಂದಾಗ ಡಬ್ ಡಬ್ ಆಯಿತು. ಹಲಸಿನ ಹಣ್ಣು ತಟ್ಟಿ ನೋಡಿ ಅಭ್ಯಾಸವಿದ್ದ ನನಗೇ ವ್ಯತ್ಯಾಸ ಗೊತ್ತಾಯಿತು. ಬೋಲ್ಟ್ ತೂತುಗಳಿಂದ ನೀರು ಇಳಿದು ಫೈಬರ್ ಪದರಗಳ ನಡುವಿನ ಬಾಲ್ಸಾ ಮರ ಕೊಳೆತುಹೋಗಿತ್ತು.

ಅದಕ್ಕಿಂತ ದೊಡ್ಡದು ಆಮೇಲೆ ಸಿಕ್ಕಿತು. ಬೋಟನ್ನು ಲಿಫ್ಟ್‌ನ ಪಟ್ಟಿಗಳಲ್ಲಿ ತೂಗಿಸಿದ್ದಾಗ ಒಳಗಿನ ಒಂದು ಬಾಗಿಲು ಮುಚ್ಚಲಿಲ್ಲ. ನೀರಿನಲ್ಲಿದ್ದಾಗ ಮುಚ್ಚುತ್ತಿತ್ತು. ಸರ್ವೇಯರ್ ಬೀರುವಿನೊಳಗೆ ತಲೆ ಹಾಕಿ ಟಾರ್ಚ್ ಬಿಟ್ಟು ನೋಡಿದರು. ಎರಡು ಒಡಲನ್ನು ಹಿಡಿದಿಡುವ ಅಡ್ಡಗೋಡೆ ಒಂದು ಕಡೆ ಫೈಬರ್‌ನಿಂದ ಬಿಟ್ಟುಕೊಂಡಿತ್ತು. ಕ್ಯಾಟ್‌ಗೆ ಇದು ಬೆನ್ನುಮೂಳೆ ಇದ್ದ ಹಾಗೆ. ನಾವು ಮುಂಗಡ ವಾಪಸ್ ತೆಗೆದುಕೊಂಡು ಬಂದೆವು. ಸರ್ವೆ ಮತ್ತು ಲಿಫ್ಟ್ ಖರ್ಚು ಹೋಯಿತು. ಬೇಜಾರಾಯಿತು, ನಿಜ. ಆದರೆ ಆ ಬೋಟ್ ನಮ್ಮದಾಗಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಅದಾದ ಮೇಲೆ ನಾವು ಪಾಲಿಸಿದ ಕೆಲವು ವಿಷಯಗಳು: ಸರ್ವೇಯರ್‌ನನ್ನು ನೀವೇ ಹುಡುಕಿ, ಮಾರುವ ಕಡೆಯ ಬ್ರೋಕರ್ ಹೇಳಿದವರನ್ನು ಬೇಡ. ಸ್ಯಾಮ್ಸ್ ಅಥವಾ ನ್ಯಾಮ್ಸ್ ಅನ್ನುವ ಸರ್ವೇಯರ್‌ಗಳ ಸಂಘದ ಮಾನ್ಯತೆ ಇರಲಿ, ಅದರಲ್ಲೂ ಕ್ಯಾಟ್ ನೋಡಿ ಅನುಭವ ಇರಲಿ. ಎಂಜಿನ್‌ಗೆ ಬೇರೆಯೇ ಒಬ್ಬ ಮೆಕ್ಯಾನಿಕ್ ಬೇಕು. ಇಡೀ ದಿನ ಅವರ ಹಿಂದೆಯೇ ಇರಿ, ಪ್ರಶ್ನೆ ಕೇಳಿ. ಆ ಒಂದು ದಿನದಲ್ಲಿ ನಾನು ಕಲಿತಷ್ಟು ಬೇರೆಲ್ಲೂ ಕಲಿಯಲಿಲ್ಲ. ಡಾಕ್‌ನಿಂದ ಕರೆಂಟ್ ತೆಗೆದುಕೊಳ್ಳುವ ಪ್ಲಗ್‌ನ ಪಿನ್‌ಗಳು ಸುಟ್ಟು ಕಪ್ಪಾಗಿವೆಯಾ ಅಂತ ನೋಡಿ. ಕಿಟಕಿಗಳ ಕೆಳಗೆ ನೀರಿನ ಕಲೆ ಇದೆಯಾ ಅಂತಲೂ ನೋಡಿ. ಲಿಥಿಯಂ ಬ್ಯಾಟರಿ ಹಾಕಿದ್ದರೆ ಯಾರು ಹಾಕಿದರು, ಬಿಲ್ ಇದೆಯಾ ಅಂತ ಕೇಳಿ. ಇನ್ಷೂರೆನ್ಸ್‌ನವರೂ ಅದನ್ನೇ ಕೇಳಬಹುದು.

ಡೀಸೆಲ್ ಎಷ್ಟು ಕುಡಿಯುತ್ತದೆ?

ನಮ್ಮದು 7 ನಾಟ್ (ಗಂಟೆಗೆ 7 ನಾಟಿಕಲ್ ಮೈಲಿ) ವೇಗದಲ್ಲಿ ಎರಡೂ ಎಂಜಿನ್ ಸೇರಿ ಗಂಟೆಗೆ ಸುಮಾರು 2 ಗ್ಯಾಲನ್. 14, 15 ನಾಟ್‌ಗೆ ಏರಿಸಿದರೆ 8ರಿಂದ 9 ಗ್ಯಾಲನ್. 100 ನಾಟಿಕಲ್ ಮೈಲಿಗೆ ಲೆಕ್ಕ ಹಾಕಿದರೆ ನಿಧಾನಕ್ಕೆ ಹೋದಾಗ 30 ಗ್ಯಾಲನ್ ಒಳಗೆ, ಜೋರಾಗಿ ಹೋದರೆ ಅದರ ಎರಡರಷ್ಟು. ಆದ್ದರಿಂದ ಮಾಮೂಲಿ ದಿನ ನಿಧಾನವಾಗಿಯೇ ಹೋಗುತ್ತೇವೆ.

ಆದರೆ ಆ ವೇಗ ಕೈಯಲ್ಲಿರುವುದು ದೊಡ್ಡ ಧೈರ್ಯ. ಫ್ಲಾರಿಡಾದ ಲೇಕ್ ವರ್ತ್‌ನಿಂದ ಬಹಾಮಾಸ್‌ನ ವೆಸ್ಟ್ ಎಂಡ್‌ಗೆ ಸುಮಾರು 55 ನಾಟಿಕಲ್ ಮೈಲಿ. ನಡುವೆ ಗಲ್ಫ್ ಸ್ಟ್ರೀಮ್ ಉತ್ತರಕ್ಕೆ ಹರಿಯುತ್ತದೆ. ಉತ್ತರದ ಗಾಳಿ ಆ ಪ್ರವಾಹಕ್ಕೆ ಎದುರಾಗಿ ಬೀಸಿದರೆ ಅಲೆಗಳು ಗೋಡೆಯ ಹಾಗೆ ಎದ್ದು ನಿಲ್ಲುತ್ತವೆ. ಅವತ್ತು ಯಾರೂ ಹೊರಡುವುದಿಲ್ಲ. ಗಾಳಿ ದಕ್ಷಿಣದಿಂದ ಬೀಸತೊಡಗಿ ಸೌಮ್ಯವಾದ ಬೆಳಿಗ್ಗೆ ಹೊರಟರೆ, 7 ನಾಟ್ ಬೋಟಿಗೆ ಎಂಟು ಗಂಟೆ, 14 ನಾಟ್‌ಗೆ ನಾಲ್ಕು ಗಂಟೆ. ಆ ನಾಲ್ಕು ಗಂಟೆಯ ಉಳಿತಾಯಕ್ಕೆ ಡೀಸೆಲ್ ಜಾಸ್ತಿ ಸುಟ್ಟರೂ ನನಗೆ ಬೇಸರವಿಲ್ಲ.

ವರ್ಷದ ಖರ್ಚು, ಇನ್ಷೂರೆನ್ಸ್?

ಕೊಂಡ ಬೆಲೆಯ ಹತ್ತನೇ ಒಂದು ಭಾಗ ಪ್ರತಿ ವರ್ಷ ಹೋಗುತ್ತದೆ ಅನ್ನುವುದು ಹಳಬರ ಲೆಕ್ಕ. ಮೊದಲ ವರ್ಷ ಅದಕ್ಕಿಂತ ಜಾಸ್ತಿ ಇಟ್ಟುಕೊಳ್ಳಿ.

ಇನ್ಷೂರೆನ್ಸ್ ಸಿಗುತ್ತದೆ ಅಂತ ಖಾತ್ರಿ ಮಾಡಿಕೊಳ್ಳದೆ ಸಹಿ ಹಾಕಬೇಡಿ. ನಿಮ್ಮ ಮೊದಲ ಬೋಟೇ 40 ಅಡಿಯ ಮೇಲಿನದಾದರೆ, ಲೈಸೆನ್ಸ್ ಇರುವ ಕ್ಯಾಪ್ಟನ್ ಜೊತೆ ಇಷ್ಟು ದಿನ ಓಡಿಸಿ ಕಲಿಯಿರಿ ಅನ್ನುವ ಷರತ್ತು ಹಾಕುವವರಿದ್ದಾರೆ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆ ಆರು ತಿಂಗಳು ಬೋಟ್ ಎಲ್ಲಿರುತ್ತದೆ ಅನ್ನುವುದನ್ನು ಬರೆದು ಕೊಡಿ ಅನ್ನುತ್ತಾರೆ. ನಾವು ಬೇಸಿಗೆಯಲ್ಲಿ ಚೆಸಪೀಕ್‌ಗೆ ಹೋಗುವುದಕ್ಕೆ ಅಲ್ಲಿನ ಸೊಬಗಿನಷ್ಟೇ ಇದೂ ಕಾರಣ.

ನಮಗೆ ಗ್ರೀನ್ ಕಾರ್ಡ್ ಇದೆ, ಸಿಟಿಜನ್ ಅಲ್ಲ. ಕೊಳ್ಳಬಹುದಾ?

ಕೊಳ್ಳಬಹುದು. ಆದರೆ ಕೋಸ್ಟ್ ಗಾರ್ಡ್‌ನಲ್ಲಿ ಮಾಡಿಸುವ ಡಾಕ್ಯುಮೆಂಟೇಷನ್ (ಬೋಟಿನ ರಾಷ್ಟ್ರಮಟ್ಟದ ನೋಂದಣಿ) ಅಮೆರಿಕದ ಪ್ರಜೆಗಳಿಗೆ ಮಾತ್ರ. ನೀವು ರಾಜ್ಯದ ಟೈಟಲ್ (ಮಾಲೀಕತ್ವದ ಪತ್ರ) ಮತ್ತು ನೋಂದಣಿ ಮಾಡಿಸಬೇಕು. ಅದರಲ್ಲೇ ಬಹಾಮಾಸ್‌ಗೆ ಹೋಗಿ ಬರುವವರು ಬೇಕಾದಷ್ಟಿದ್ದಾರೆ. ಗಂಡ ಹೆಂಡತಿಯಲ್ಲಿ ಒಬ್ಬರು ಮಾತ್ರ ಪ್ರಜೆಯಾಗಿದ್ದರೆ ಯಾರ ಹೆಸರಿಗೆ ಕೊಳ್ಳುವುದು ಅಂತ ವಕೀಲರನ್ನು ಕೇಳಿ. ಬೋಟ್ ಈಗಾಗಲೇ ಡಾಕ್ಯುಮೆಂಟ್ ಆಗಿದ್ದರೆ ಅದರ ಟೈಟಲ್ ಇತಿಹಾಸ ತರಿಸಿ, ಸಾಲ ತೀರದೆ ಉಳಿದಿದೆಯಾ ಅಂತ ನೋಡಿ. ಫ್ಲಾರಿಡಾದಲ್ಲಿ ಮಾರಾಟ ತೆರಿಗೆ 6 ಪರ್ಸೆಂಟ್, ಆದರೆ ಒಂದು ಬೋಟಿಗೆ ರಾಜ್ಯದ ತೆರಿಗೆ 18,000 ಡಾಲರ್ ದಾಟುವುದಿಲ್ಲ.

ಅಡಿಗೆ ಹೇಗೆ? ನಮಗೆ ಸಾರು ಅನ್ನ ಬೇಕೇ ಬೇಕು.

ನಮಗೂ ಬೇಕು! ಅಡಿಗೆಮನೆ ಮೇಲೆ ಹಜಾರದಲ್ಲಿದೆಯೋ, ಕೆಳಗೆ ಒಡಲಿನಲ್ಲಿದೆಯೋ ನೋಡಿ. ಕೆಳಗಿದ್ದರೆ ಜಾಗ ಜಾಸ್ತಿ ಸಿಗುತ್ತದೆ, ಆದರೆ ಅಡಿಗೆ ಮಾಡುವವರು ಒಬ್ಬರೇ ಕೆಳಗೆ ಉಳಿಯುತ್ತಾರೆ. ದಿಗಂತ ಕಾಣದಿದ್ದರೆ ವಾಂತಿ ಬರುವವರಿಗೆ ಅದು ಕಷ್ಟ.

ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ತಳಕ್ಕೆ ಇಳಿದು ಅಲ್ಲೇ ತುಂಬಿಕೊಳ್ಳುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆಯ ತೂತು ಬೋಟಿನ ಹೊರಕ್ಕೇ ಇರಬೇಕು. ಒಲೆಯ ಪಕ್ಕ ಗ್ಯಾಸ್ ಬಂದ್ ಮಾಡುವ ಸ್ವಿಚ್ ಬೇಕು, ಸೋರಿಕೆ ಹೇಳುವ ಅಲಾರಂ ಬೇಕು. ಪ್ರೆಷರ್ ಕುಕ್ಕರ್‌ನಷ್ಟು ಬೋಟಿಗೆ ಒಗ್ಗುವ ಪಾತ್ರೆ ಇನ್ನೊಂದಿಲ್ಲ. ಗ್ಯಾಸ್ ಉಳಿಯುತ್ತದೆ, ನೀರು ಉಳಿಯುತ್ತದೆ, ಮುಚ್ಚಳ ಬಿಗಿಯಾಗಿರುವುದರಿಂದ ಚೆಲ್ಲುವುದೂ ಇಲ್ಲ. ಮಿಕ್ಸಿಗೆ 110 ವೋಲ್ಟ್‌ನದೇ ತನ್ನಿ. ಇನ್ವರ್ಟರ್ 2,000 ವಾಟ್ ಇದ್ದರೆ ಚಟ್ನಿಗೂ ದೋಸೆ ಹಿಟ್ಟಿಗೂ ಸಾಕು. ಬೋಟ್ ಓಡುತ್ತಿರುವಾಗ ಒಗ್ಗರಣೆ ಹಾಕಬೇಡಿ. ಬಿಸಿ ಎಣ್ಣೆ ಇರುವ ಕೆಲಸವೆಲ್ಲ ಲಂಗರು ಹಾಕಿದ ಮೇಲೆ. ಹೊರಡುವ ದಿನಕ್ಕೆ ಪುಳಿಯೋಗರೆ, ಮೊಸರನ್ನ ಮೊದಲೇ ಕಲೆಸಿಡುತ್ತೇನೆ.

ಓಡಿಸುವುದು ಅವರು. ನಾನೂ ಕಲಿಯಬೇಕಾ?

ಕಲಿಯಲೇಬೇಕು. ಈ ಪ್ರಶ್ನೆ ಹೆಂಗಸರೇ ಕೇಳುತ್ತಾರೆ, ನಾನೂ ಮೊದಲು ಕೇಳಿದ್ದೆ. ಒಂದು ಸಲ ಬಹಾಮಾಸ್‌ನ ಅಬಾಕೊದಲ್ಲಿ ನಮ್ಮವರಿಗೆ ಬೆನ್ನು ಹಿಡಿದುಕೊಂಡು ಎರಡು ದಿನ ಏಳಲಾಗಲಿಲ್ಲ. ಲಂಗರು ಎತ್ತಿದ್ದು, ಬೋಟ್ ಡಾಕ್‌ಗೆ ತಂದು ಕಟ್ಟಿದ್ದು ನಾನೇ. ಮೊದಲೇ ಕಲಿತಿದ್ದೆ, ಆದ್ದರಿಂದ ಕೈ ನಡುಗಿದರೂ ಕೆಲಸ ನಡೆಯಿತು. ಸ್ಟಿಯರಿಂಗ್ ಚಕ್ರ ನೆಟ್ಟಗಿಟ್ಟು ಬರೀ ಎರಡು ಗೇರ್ ಲಿವರ್‌ಗಳಿಂದ ತಿರುಗಿಸುವುದನ್ನು ಒಬ್ಬ ಕ್ಯಾಪ್ಟನ್ ಹತ್ತಿರ ಮೂರು ದಿನ ಕಲಿತಿದ್ದೆ. ಗಂಡನ ಹತ್ತಿರ ಕಲಿಯಬೇಡಿ, ಬೇರೆಯವರ ಹತ್ತಿರ ಕಲಿಯಿರಿ. ಇಬ್ಬರಿಗೂ ನೆಮ್ಮದಿ.

ಇಬ್ಬರಲ್ಲಿ ಯಾರೊಬ್ಬರಾದರೂ ಒಂಟಿಯಾಗಿ ಡಾಕ್‌ಗೆ ತರಲಾಗದಷ್ಟು ದೊಡ್ಡ ಬೋಟ್ ಕೊಳ್ಳಬೇಡಿ ಅನ್ನುವುದು ಇದಕ್ಕೇ. ಸಮುದ್ರ ಪರೀಕ್ಷೆಯ ದಿನ ನೀವೂ ಲಿವರ್ ಹಿಡಿಯಿರಿ. ಮಾರುವವರು ಬೇಡ ಅಂದರೂ ಬಿಡಬೇಡಿ.

ಕೊಂಡಾಯಿತು. ಮೊದಲ ತಿಂಗಳು ಏನು ಮಾಡಬೇಕು?

ದೂರ ಹೋಗಬೇಡಿ. ಎರಡೂ ಎಂಜಿನ್‌ಗಳ ಆಯಿಲ್, ಫಿಲ್ಟರ್, ಬೆಲ್ಟ್, ಇಂಪೆಲ್ಲರ್ ಎಲ್ಲ ಹೊಸದು ಹಾಕಿ, ತಾರೀಖು ಬರೆದಿಡಿ. ತಳದಲ್ಲಿ ನೀರು ಒಳಗೆ ಬರುವ ಪ್ರತಿ ವಾಲ್ವ್ ತಿರುಗಿಸಿ ನೋಡಿ, ಗಟ್ಟಿ ಹಿಡಿದಿದ್ದರೆ ಬದಲಿಸಿ. ಒಂದು ರಾತ್ರಿ ಮರೀನಾದಲ್ಲೇ ಕರೆಂಟ್ ಕಿತ್ತು ಬರೀ ಬ್ಯಾಟರಿ ಮೇಲೆ ಕಳೆಯಿರಿ, ಬೆಳಿಗ್ಗೆ ಎಷ್ಟು ಉಳಿದಿದೆ ನೋಡಿ. ಗಾಳಿಯಿಲ್ಲದ ದಿನ ಇಬ್ಬರೂ ಹತ್ತತ್ತು ಸಲ ಡಾಕ್‌ಗೆ ತಂದು ಕಟ್ಟಿ, ಆಮೇಲೆ ಗಾಳಿ ಇರುವ ದಿನ ಮತ್ತೆ ಹತ್ತು ಸಲ.

ಪೂಜೆ ಮಾಡಿಸುವವರು ಕೇಳುತ್ತಾರೆ, ಅದಕ್ಕೇ ಇದನ್ನೂ ಬರೆಯುತ್ತೇನೆ. ತೆಂಗಿನಕಾಯಿಯನ್ನು ಡೆಕ್ ಮೇಲೆ ಒಡೆಯಬೇಡಿ, ಫೈಬರ್ ಮೇಲಿನ ಹೊಳಪಿನ ಪದರಕ್ಕೆ ಏಟು ಬೀಳುತ್ತದೆ. ದಡದಲ್ಲಿ ಒಡೆದು ನೀರನ್ನು ಮಾತ್ರ ತಂದು ಚಿಮುಕಿಸಿ. ಜಾರದಿರಲಿ ಅಂತ ಒರಟಾಗಿ ಮಾಡಿರುವ ಡೆಕ್ ಮೇಲೆ ಕುಂಕುಮ ಬಿದ್ದರೆ ಹೋಗುವುದಿಲ್ಲ. ಸ್ಟಿಯರಿಂಗ್ ಚಕ್ರಕ್ಕೆ ಹಚ್ಚಿ. ಚಕ್ರದ ಕೆಳಗೆ ಇಡಬೇಕಾದ ನಿಂಬೆಹಣ್ಣುಗಳನ್ನು ನಾವು ಎರಡು ಗೇರ್ ಲಿವರ್‌ಗಳ ಮುಂದೆ ಒಂದೊಂದು ಇಟ್ಟೆವು. ನಾನು ಎಡಗಡೆಯದನ್ನು, ಅವರು ಬಲಗಡೆಯದನ್ನು.